ಅಂಗಳಕ್ಕೆ ಬಿದ್ದ ಎಣ್ಣೆ

ನಮ್ಮದು ಎಣ್ಣೆಯ ಮನೆ. ಮೂಡಲಗಿಯ ಪೇಟೆಯಿಂದ ಒಳಗೆ ಹೊರಳುವ ಓಣಿಯಲ್ಲಿ ಮುಂದೆ ಅಂಗಳ, ಪಕ್ಕದಲ್ಲಿ ಗಾಣ, ಹಿಂದೆ ಮನೆ. ಮಾವ ಸೋಮಪ್ಪನವರ ಅಜ್ಜನ ಕಾಲದಿಂದ ಇಲ್ಲಿ ಕುಸುಬಿ, ಶೇಂಗಾ, ಅಗಸೆ ಅರೆಯುತ್ತಾರೆ. ಗಾಣದ ಕಂಬಕ್ಕೆ ಸದಾ ಒಂದು ಒರೆಸುವ ಬಟ್ಟೆ ತೂಗುತ್ತಿರುತ್ತದೆ. ಹನಿ ಎಲ್ಲಿ ಬಿದ್ದರೂ ಅದರಿಂದ ಒರೆಸಿ, ಬಟ್ಟೆಯನ್ನು ಮಡಕೆಯಲ್ಲಿ ಹಿಂಡಬೇಕು. ಆ ಎಣ್ಣೆ ದೀಪಕ್ಕೆ. ನಾನು ಸೊಸೆಯಾಗಿ ಬಂದ ಮರುದಿನವೇ ಅತ್ತೆ ನನಗೆ ಕಲಿಸಿದ್ದು ಇದನ್ನು. ಎಣ್ಣೆಯನ್ನು ನೆಲದ ಪಾಲಿಗೆ ಬಿಡುವುದು ಈ ಮನೆಯಲ್ಲಿ ಅನ್ನ ತುಳಿದಷ್ಟು ದೊಡ್ಡ ಮಾತು.

ಅಂಥ ಅಂಗಳದಲ್ಲಿ ಒಂದು ಮೋಟಾರು ನಿಂತು ಹಗಲೂ ರಾತ್ರಿ ಎಣ್ಣೆ ಸೋರುತ್ತಿತ್ತು.

ಅದು ನನ್ನ ಯಜಮಾನರದು. ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬನಿಂದ ಬೆಳಗಾವಿಯಲ್ಲಿ ಕೊಂಡದ್ದು. ಆಗಲೇ ಹಳೆಯದಾಗಿತ್ತು. ಮೇಲೆ ಮಡಚುವ ಕ್ಯಾನ್ವಾಸಿನ ಹೊದಿಕೆ, ಪಕ್ಕದಲ್ಲಿ ಹಿತ್ತಾಳೆಯ ಹಾರ್ನು. ಮನೆಗೆ ತಂದ ದಿನ ಅತ್ತೆ ಶಿವಗಂಗವ್ವನವರು ಅದಕ್ಕೆ ವಿಭೂತಿ ಹಚ್ಚಿ ಆರತಿ ಎತ್ತಿದರು. ಆಮೇಲೆ ಬಗ್ಗಿ ಕೆಳಗೆ ನೋಡಿದರು. ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಕರಿಯ ಹನಿಗಳು.

“ಎಲ್ಲಾರೂ ಹತ್ಯಾರ. ನೀನೂ ಹತ್ತು ಬಾ ಯವ್ವಾ,” ಎಂದು ಮಗ ಕರೆದರು.

“ಇದು ಎಣ್ಣಿ ಸೋರೂದು ಮೊದಲ ನಿಂದ್ರಸು. ಅವತ್ತ ಕುಂದ್ರತೇನಿ.”

“ನಿಂದ್ರಸ್ತೇನಿ. ಮುಂದಿನ ಸೀಟಿನ್ಯಾಗ ನಿನ್ನ ಕುಂದ್ರಸಿ ಗೋಕಾಕಕ್ಕ ಒಯ್ತೇನಿ.”

ಅವರು ಎರಡು ಸಲ ಬೆಳಗಾವಿಯಿಂದ ಸಂದು ಮುಚ್ಚುವ ಹೊಸ ಪ್ಯಾಕಿಂಗ್ ತಂದು ಹಾಕಿದರು. ಸೋರುವುದು ನಿಲ್ಲಲಿಲ್ಲ. ಮತ್ತೊಮ್ಮೆ ತರಲು ಅವರೇ ಇರಲಿಲ್ಲ. ವಿಷಮಜ್ವರ.

ವರ್ಷ ಕಳೆದು ಮೂವತ್ತೆಂಟನೆಯ ಇಸವಿಯ ಶ್ರಾವಣ ಬಂತು. ಅತ್ತೆ ದಿನಾ ಅಂಗಳ ಸಾರಿಸುತ್ತಿದ್ದರು. ಮೋಟಾರಿನ ಕೆಳಗೆ ಮಾತ್ರ ಸಗಣಿ ಹಿಡಿಯುತ್ತಿರಲಿಲ್ಲ. ಅಲ್ಲಿ ಒಂದು ಮಡಕೆ ಇಟ್ಟಿದ್ದರು. ಅದರಲ್ಲಿ ಬಿದ್ದದ್ದು ಬಂಡಿಯ ಅಚ್ಚಿಗೆ. ಹೊರಗೆ ಬಿದ್ದದ್ದಕ್ಕೆ ಬೂದಿ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಹೇಳಿದರು: “ಹತ್ತರಗಿ ಉದ್ದಪ್ಪ ಬಂದಿದ್ದ. ಹಿಟ್ಟಿನ ಗಿರಣಿ ಹಾಕತಾನಂತ. ಇಂಜಿನ್ ಅಷ್ಟ ಬೇಕಂತ ಅವಗ.”

ನನ್ನ ಮೈದುನ ಲಕ್ಕಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. “ಇಂಜಿನ್ ಅಷ್ಟ ಅಂದ್ರ? ಉಳದದ್ದು?”

“ಉಳದದ್ದು ಗುಜರಿಗೆ.”

“ಅಣ್ಣನ ಗಾಡಿ ಕಡದು ಮಾರತೀ ಏನಪ್ಪಾ?”

“ನಿಂತಲ್ಲೆ ನಿಂತು ಎಣ್ಣಿ ಉಚ್ಚಿ ಹೊಯ್ಯೂ ಗಾಡಿ ಇದು. ಓಣ್ಯಾಗ ಹೋಗೂ ಮಂದಿ ಏನ್ ಅಂತಾರ ಗೊತ್ತೈತೇನು? ಗಾಣಿಗ್ಯಾರ ಮನ್ಯಾಗ ಎಣ್ಣಿಗೆ ಕಿಮ್ಮತ್ತ ಇಲ್ಲ ಅಂತಾರ.”

“ಸೋರೂದು ನಾ ನಿಂದ್ರಸ್ತೇನಿ. ಆಮ್ಯಾಲ ಬಾಡಿಗಿಗೆ ಓಡಸ್ತೇನಿ. ಮೂಡಲಗಿಯಿಂದ ಗೋಕಾಕಕ್ಕ ದವಾಖಾನಿಗೆ ಹೋಗೂ ಮಂದಿ ಬಂಡ್ಯಾಗ ನರಳಿಕೋತ ಹೋಗತಾರ. ಅವರು ಬರ್ತಾರ.”

“ಸೋರೂ ಗಾಡ್ಯಾಗ ನಿಮ್ಮವ್ವನ ಕುಂದ್ರವಲ್ಲಳು. ಊರ ಮಂದಿ ಕುಂದ್ರತಾರ?”

ಅತ್ತೆ ಪಲ್ಯ ಬಡಿಸುತ್ತಿದ್ದರು.

“ಬನ್ನಿ ಹಬ್ಬದ ತನಕ ಬಿಡು ನನಗ,” ಎಂದ ಲಕ್ಕಪ್ಪ.

ಮಾವ ಅಂಬಲಿ ಕುಡಿದು ಬಟ್ಟಲು ಕೆಳಗಿಟ್ಟರು. “ಬಿಟ್ಟೆ. ಬನ್ನಿ ಮುಡದ ಮರುದಿನ ಉದ್ದಪ್ಪ ಬರ್ತಾನ. ಅವತ್ತ ಅಂಗಳದಾಗ ಒಂದು ಹನಿ ಕಂಡ್ರೂ ಇಂಜಿನ್ ಅವಂದು. ನೀ ಸುಮ್ಮನ ಗಾಣದ ಎತ್ತಿನ ಹಿಂದ ಬಂದು ನಿಂದ್ರಬೇಕು. ಮತ್ತ ಮೋಟಾರದ ಮಾತ ತಗೀಬಾರದು.”

“ಆತು.”

ಮರುದಿನ ಲಕ್ಕಪ್ಪ ಮೋಟಾರನ್ನು ಹಿಂದಕ್ಕೆ ದೂಡಿ ಅಂಗಳದ ನಡುವೆ ಗುದ್ದಲಿ ಹಾಕಿದ. ಕೆಳಗಿಳಿದು ಕೈಯಾಡಿಸಲು ಒಂದು ತಗ್ಗು ಬೇಕಾಗಿತ್ತು. ಉದ್ದಕ್ಕೆ ಆಳೆತ್ತರ, ಅಡ್ಡಕ್ಕೆ ಒಬ್ಬ ಮಲಗುವಷ್ಟು. ಅತ್ತೆ ನೀರಿನ ಕೊಡ ಹೊತ್ತು ಬಂದವರು ಅಲ್ಲೇ ನಿಂತರು.

“ಏ ಬಾಡ್ಯಾ, ನನ್ನ ಅಂಗಳದಾಗ ಯಾರಿಗಿ ಕುಣಿ ತೋಡಾಕತ್ತಿ?”

ಮಗನನ್ನು ಮಣ್ಣಿಗಿಟ್ಟು ವರ್ಷವಾದ ಮನೆಯಲ್ಲಿ ಆ ಮಾತು ಬಾಯಿಂದ ಬಿದ್ದುಹೋಯಿತು. ಲಕ್ಕಪ್ಪ ಗುದ್ದಲಿ ಎತ್ತಿದವನು ಹಾಗೇ ನಿಂತ. ಕಟ್ಟೆಯ ಮೇಲೆ ಅಗಸೆ ಹಸನು ಮಾಡುತ್ತಿದ್ದ ನಾನು ಮೊರವನ್ನು ನೋಡುತ್ತ ಕುಳಿತೆ. ಅತ್ತೆ ಕೊಡವನ್ನು ಒಳಗಿಟ್ಟು ಬಂದು, ಬುಟ್ಟಿ ತೆಗೆದುಕೊಂಡು, ಅವನು ಅಗೆದ ಮಣ್ಣನ್ನು ತುಂಬಿ ಗೋಡೆಯ ಬುಡಕ್ಕೆ ಹಾಕತೊಡಗಿದರು. ಸಂಜೆಯ ತನಕ ಹಾಕಿದರು.

ಇಂಜಿನ್ನಿನ ಎಣ್ಣೆ ನಿಲ್ಲುವುದು ತಳದಲ್ಲಿರುವ ಒಂದು ತಗಡಿನ ಪಾತ್ರೆಯಲ್ಲಿ. ಸುತ್ತಲೂ ಬೋಲ್ಟು ಬಿಗಿದು ಮೇಲಕ್ಕೆ ಕೂಡಿಸಿರುತ್ತಾರೆ. ನಡುವೆ ಬೂಚಿನ ಪ್ಯಾಕಿಂಗ್. ಲಕ್ಕಪ್ಪ ಅದಕ್ಕೆ ಪರಾತ ಎನ್ನುತ್ತಿದ್ದ. ಅವನು ಗೋಕಾಕದಿಂದ ಹೊಸ ಪ್ಯಾಕಿಂಗ್ ತಂದು ಹಾಕಿದ. ಸೋರಿತು. ಬೋಲ್ಟು ಬಿಗಿದ. ಮತ್ತೆ ಸೋರಿತು. ಇನ್ನೂ ಬಿಗಿದ. ಗಾಣದಲ್ಲಿ ಎಣ್ಣೆ ಜಾರಿದರೆ ಬೆಣೆ ಬಡಿದು ಬಿಗಿ ಮಾಡುವುದು ಈ ಮನೆಯ ರೂಢಿ. ಅವನ ಅಣ್ಣನೂ ಹಾಗೇ ಬಿಗಿದಿದ್ದರು. ಅಪ್ಪನೂ ತಗ್ಗಿನ ಅಂಚಿಗೆ ನಿಂತು, “ಇನ್ನೊಂದೀಟು ಬಿಗಿ,” ಎನ್ನುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ತಂದಿದ್ದ ಮೋಟಾರಿನ ಎಣ್ಣೆ ಎಲ್ಲಾ ಸೋರಿಹೋಯಿತು. ಲಕ್ಕಪ್ಪ ಇನ್ನೊಂದು ಡಬ್ಬಿ ತರಲು ಹೊರಟ. ಮಾವ ತಡೆದರು.

“ಎಲ್ಲಿಗಿ?”

“ಗೋಕಾಕಕ್ಕ. ಎಣ್ಣಿ ತರಾಕ.”

“ಗಾಣಿಗ್ಯಾರ ಮನೆಯಿಂದ ಎಣ್ಣಿ ಕೊಳ್ಳಾಕ ಹೊಂಟಿ?”

“ಅದು ಬ್ಯಾರೆ ಎಣ್ಣೀರಿ ಅಪ್ಪಾ.”

“ಏನ್ ಬ್ಯಾರೆ? ಎಣ್ಣಿ ಕೆಲಸ ಒಂದ, ಜಾರಸೂದು. ಬಂಡಿ ಅಚ್ಚಿಗೆ ಹಾಕಿಲ್ಲೇನು ನಾವು? ನಮ್ಮ ಕುಸುಬಿ ಎಣ್ಣಿ ಹಾಕಿ ನೋಡು. ಮೊದಲನೇ ತಿರವು, ಹಸನಾದ್ದು.”

ಲಕ್ಕಪ್ಪನಿಗೆ ಬನ್ನಿಯ ತನಕ ಬಿಟ್ಟವರು ಮಾವ. ಅವನು ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದ. ಮಾವ ತಾವೇ ಕೊಳಗ ತಂದು, ಒಂದು ಹನಿ ಹೊರಗೆ ಚೆಲ್ಲದಂತೆ ಸುರುವಿದರು. ನೋಡಲು ಚೆಂದವಿತ್ತು. ಎಣ್ಣೆ ಬೆಳಗಿನ ಬಿಸಿಲಿನಲ್ಲಿ ದಾರದ ಹಾಗೆ ಇಳಿಯಿತು.

ದಿನಾ ಸಂಜೆ ಲಕ್ಕಪ್ಪ ಇಂಜಿನ್ ಚಾಲೂ ಮಾಡಿ ಮಸಗುಪ್ಪಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬರುತ್ತಿದ್ದ. ಬರುವಾಗ ಓಣಿಯೆಲ್ಲ ಕರಿದ ವಾಸನೆ. ಮಾವನ ತಾಯಿ ಕಾಶೆವ್ವನಿಗೆ ಕಣ್ಣು ಮಂಜಾಗಿದ್ದವು. ಮೂಗು ಚೆನ್ನಾಗಿತ್ತು.

“ಯಾರ ಮನ್ಯಾಗ ಭಜಿ ಮಾಡಾಕತ್ತಾರ?”

“ಯಾರೂ ಇಲ್ಲ ಆಯಿ. ಮೋಟಾರ ಬಂತು,” ಎಂದೆ.

“ಖರೆ ಹೇಳ. ಮುದುಕಿಗಿ ಕೊಡೂದಾಕ್ಕೈತಿ ಅಂತ ಮುಚ್ಚಿಟ್ಟೀರಿ.”

ಅತ್ತೆ ನಕ್ಕು ಅವತ್ತು ನಿಜಕ್ಕೂ ಉಳ್ಳಾಗಡ್ಡಿ ಭಜಿ ಮಾಡಿದರು. ಮನೆಯಲ್ಲಿ ಅವರು ನಕ್ಕದ್ದನ್ನು ಬಹಳ ದಿನಗಳ ಮೇಲೆ ಕೇಳಿದೆ.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಮೋಟಾರಿನ ಕೆಳಗಿನ ಮಡಕೆ ಒಣಗಿತ್ತು. ಮರುದಿನವೂ ಒಣಗಿತ್ತು. ಮಾವ ಓಣಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ತೋರಿಸಿದರು.

“ಗೋಕಾಕದ ಎಣ್ಣಿ ಸೋರಿತು. ನಮ್ಮ ಗಾಣದ ಎಣ್ಣಿ ನಿಂತಿತು. ನೋಡ್ರಿ.”

ಲಕ್ಕಪ್ಪ ಮೋಟಾರಿಗೆ ಬಣ್ಣ ಹಚ್ಚಿದ. ಅತ್ತೆ ನೆಲಕ್ಕೆ ಬಗ್ಗಿ ನೋಡಿದರು, ಬೆರಳಾಡಿಸಿದರು, ಹುಬ್ಬು ಗಂಟಿಕ್ಕಿದರು. “ಹತ್ತು ಬಾ ಯವ್ವಾ,” ಎಂದು ಲಕ್ಕಪ್ಪ ಕರೆದಾಗ, “ಈಗ ಜ್ವಾಳ ಬೀಸೂದೈತಿ, ನಾಳೆ,” ಎಂದು ಒಳಗೆ ಹೋದರು.

ಆ ನಾಳೆ ಬರಲಿಲ್ಲ. ಮರುದಿನ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಲಿಲ್ಲ. ಲಕ್ಕಪ್ಪ ಎರಡೂ ಕೈಯಿಂದ ಜಗ್ಗಿದ. ಮಾವ ಕೈ ಹಚ್ಚಿದರು. ಅದು ನೆಲದಲ್ಲಿ ಹುಗಿದ ಕಂಬದಂತೆ ನಿಂತಿತ್ತು. ಲಕ್ಕಪ್ಪ ತಗ್ಗಿಗಿಳಿದು ಪರಾತ ಬಿಚ್ಚಿದ. ಒಳಗೆ ಎಣ್ಣೆಯಿರಲಿಲ್ಲ. ಕಾಕಂಬಿಯಂಥ ಕಂದು ಅಂಟು, ಪರಾತದ ಗೋಡೆಗೆ, ಒಳಗಿನ ಕಬ್ಬಿಣಕ್ಕೆಲ್ಲ ಹತ್ತಿತ್ತು. ಅಂಚಿನ ಸಂದನ್ನು ಮುಚ್ಚಿದ್ದೂ ಅದೇ.

“ಇದಕ್ಕ ನಿಂತಿತ್ತು ಸೋರೂದು,” ಎಂದ ಲಕ್ಕಪ್ಪ. ತಲೆ ಎತ್ತಿ ಅಪ್ಪನನ್ನು ನೋಡಿದ. “ನಾ ಹೇಳಿದ್ನಿಲ್ಲೋ ಅದು ಬ್ಯಾರೆ ಎಣ್ಣಿ ಅಂತ?”

“ಹೇಳಿದ್ದಿ.”

“ಮತ್ತ ಓಣಿ ತುಂಬ ಡಂಗುರ ಹೊಡಕೋತ ತಿರಗಿದ್ಯಲಾ. ಈಗ ಅವರನ್ನೂ ಕರದು ತೋರಸು.”

“ಏ, ಅಪ್ಪನ ಮುಂದ ಮಾತಾಡಾಕತ್ತಿ,” ಎಂದರು ಅತ್ತೆ.

“ಮಾತಾಡಲಿ ಬಿಡು,” ಎಂದು ಮಾವ ಗಾಣದ ಕಡೆಗೆ ಹೋದರು. ಅವತ್ತು ಲಿಂಗಪೂಜೆ ಮುಗಿಸಿ ಊಟಕ್ಕೆ ಬರಲಿಲ್ಲ. ಗಾಣದ ಕಟ್ಟೆಗೇ ತಟ್ಟೆ ಒಯ್ದುಕೊಟ್ಟೆ. ಅಪ್ಪ ಮಗ ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು. ಅತ್ತೆ ಎರಡು ಸಲ ರೊಟ್ಟಿ ಬಿಸಿ ಮಾಡುತ್ತಿದ್ದರು. ಮೂರನೆಯ ದಿನ ಹಂಚನ್ನು ಕೆಳಗಿಟ್ಟು ಹೇಳಿದರು:

“ನನ್ನ ಒಲಿ ಒಂದ ಸಲ ಹತ್ತತೈತಿ. ಯಾರಿಗಿ ಬೇಕೋ ಅವರು ಆವಾಗ ಬಂದು ಉಣ್ರಿ. ಲಕ್ಕಪ್ಪಾ, ಆ ಪರಾತ ಇಲ್ಲಿ ತಾ.”

“ಯಾಕ ಬೇ?”

“ಎಷ್ಟು ಭಜಿ ಬಾಣಲಿ ತಿಕ್ಕೇನಿ ನಾ. ಇದೂ ಒಂದು ಬಾಣಲಿ. ಕರದ ಎಣ್ಣಿ ಅಂಟು ಹೆಂಗ ಬಿಡತೈತಿ ನನಗ ಗೊತ್ತೈತಿ.”

ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯಿತು. ಬಟ್ಟೆ ಒಗೆಯುವ ಸೌಳು ಮಣ್ಣು ಕದಡಿ, ಪರಾತವನ್ನು ಅದರಲ್ಲಿ ಮುಳುಗಿಸಿ, ಬೂದಿ ಹಾಕಿ, ತೆಂಗಿನ ನಾರಿನಿಂದ ಅತ್ತೆ ಒಂದು ಕಡೆ, ನಾನು ಒಂದು ಕಡೆ ತಿಕ್ಕಿದೆವು. ಇಂಜಿನ್ನಿನ ಒಳಗಿನದಕ್ಕೆ ಲಕ್ಕಪ್ಪನಿಗೆ ಚಿಮಣಿ ಎಣ್ಣೆ ಬೇಕಾಯಿತು. ಮನೆಯ ಕಂದೀಲಿನ ಎಣ್ಣೆಯನ್ನೆಲ್ಲ ಅತ್ತೆ ಅವನಿಗೆ ಕೊಟ್ಟರು. ಹಣತೆಯ ಬೆಳಕು ಊಟಕ್ಕೆ ಸಾಲದೆ ಒಂದು ವಾರ ನಾವು ಹೊತ್ತು ಮುಳುಗುವುದರೊಳಗೆ ಉಂಡೆವು. ಬೆಳಕಿರುವಾಗಲೇ ಉಣ್ಣಬೇಕಾದದ್ದರಿಂದ ಅಪ್ಪ ಮಗ ಒಂದೇ ಪಂಕ್ತಿಗೆ ಬಂದರು. ಮಾತಿರಲಿಲ್ಲ. ಆದರೆ ಚಟ್ನಿಯ ಬಟ್ಟಲನ್ನು ಮಾವ ಮಗನ ಕಡೆಗೆ ಸರಿಸುತ್ತಿದ್ದರು.

ಪರಾತ ಬೆಳ್ಳಗಾಯಿತು. ಅತ್ತೆ ಅದನ್ನು ತೊಳೆದು, ನೀರು ಬಸಿಯಲೆಂದು ಬಟ್ಟೆ ಒಗೆಯುವ ಹಾಸುಗಲ್ಲಿನ ಮೇಲೆ ಬೋರಲು ಹಾಕಿದರು. ಅದು ಕಟಕಟ ಅಂದಿತು. ಅತ್ತೆ ಒಂದು ಮೂಲೆಗೆ ಬೆರಳು ಒತ್ತಿದರು. ಇನ್ನೊಂದು ಮೂಲೆ ಎದ್ದಿತು.

“ಲಕ್ಕಪ್ಪಾ, ಇದು ಕುಂತಲ್ಲಿ ಕುಂದ್ರವಲ್ತು ನೋಡು.”

ಲಕ್ಕಪ್ಪ ಬಂದು ಕಲ್ಲಿಗೆ ಕೆನ್ನೆ ಹಚ್ಚಿ ಅಂಚನ್ನು ನೋಡಿದ. ಪ್ರತಿಯೊಂದು ಬೋಲ್ಟಿನ ತೂತಿನ ಸುತ್ತ ತಗಡು ಕುಳಿಬಿದ್ದಿತ್ತು. ನಡುನಡುವೆ ಉಬ್ಬಿತ್ತು.

“ಬಿಗದು ಬಿಗದು ನಾವ ಕೆಡಿಸೇವಿ,” ಎಂದ. “ಅಣ್ಣ ಒಂದೀಟು, ನಾ ಒಂದೀಟು.”

“ನಾನೂ ಒಂದೀಟು,” ಎಂದರು ಹಿಂದೆ ನಿಂತಿದ್ದ ಮಾವ. “ಬಿಗಿ ಬಿಗಿ ಅಂತ ಮ್ಯಾಲ ನಿಂತು ಹೇಳಿದಾಂವ ನಾನ.”

ಅದು ಆ ಜಗಳದ ಮೇಲೆ ಅವರು ಮಗನ ಜೊತೆ ಆಡಿದ ಮೊದಲ ಮಾತು. ಲಕ್ಕಪ್ಪ ಕೈ ಚಾಚಿದ. “ಆ ಕಟಗಿ ಕೊಡತಿ ಕೊಡ್ರಿ ಅಪ್ಪಾ,” ಎಂದ.

ಎರಡು ದಿನ ಅಂಗಳದಲ್ಲಿ ಟಕಟಕ ಸದ್ದು. ಲಕ್ಕಪ್ಪ ಅಂಚನ್ನು ಕಲ್ಲಿನ ಮೇಲಿಟ್ಟು ಹಗುರವಾಗಿ ಬಡಿಯುವುದು, ಮಾವ ತಿರುಗಿಸಿ ಹಿಡಿಯುವುದು, ಅತ್ತೆ ಬಂದು ಮೂಲೆಗೆ ಬೆರಳು ಒತ್ತುವುದು. “ಇನ್ನೂ ಏಳತೈತಿ.” ಮತ್ತೆ ಬಡಿಯುವುದು. ಕಾಶೆವ್ವ ಆಯಿ ಹೊಸ್ತಿಲಲ್ಲಿ ಕುಳಿತು, “ಕುಂಬಾರ ಗಡಿಗಿ ಬಡದಂಗ ಬಡಿತೀರಿ. ಒಡದೀರಿ,” ಎನ್ನುತ್ತಿದ್ದರು. ಎರಡನೆಯ ದಿನ ಇಳಿಹೊತ್ತಿಗೆ ಅತ್ತೆ ನಾಲ್ಕೂ ಮೂಲೆ ಒತ್ತಿದರು. ಪರಾತ ಅಲುಗಲಿಲ್ಲ. ಅವರು ಸೆರಗಿನಿಂದ ಅದನ್ನು ಒರೆಸಿದರು.

ಪ್ಯಾಕಿಂಗ್ ಉಳಿಯಿತು. ಹಳೆಯದು ಬಿಚ್ಚುವಾಗ ಪುಡಿಯಾಗಿತ್ತು. ಗೋಕಾಕದಲ್ಲಿ ಮುಗಿದಿತ್ತು. ಬೆಳಗಾವಿಯಿಂದ ತರಿಸೋಣವೆಂದರೆ ಹಬ್ಬ ಬಂದೇಬಿಟ್ಟಿತ್ತು. ಊಟದ ಹೊತ್ತಿಗೆ ಮಾವ ತಟ್ಟೆಯನ್ನು ನೋಡುತ್ತ ಹೇಳಿದರು:

“ಲಕ್ಕಪ್ಪಾ, ಒಂದು ಮಾತ ಹೇಳಲೇನು? ಬೇಕಾದ್ರ ತಗೋ. ಬ್ಯಾಡಾದ್ರ ಬಿಡು.”

“ಹೇಳ್ರಿ.”

“ಆ ಕುಸುಬಿ ಎಣ್ಣಿ ಒಳಗ ಹಾಕಿದ್ದು ತಪ್ಪಾತು. ಆದ್ರ ಸಂದಿ ಮುಚ್ಚಿದ್ದು ಅದ. ಬಾವಿ ನೀರು ಎತ್ತೂ ತೊಗಲಿನ ಚೀಲ ಹರದ್ರ ನಮ್ಮಪ್ಪ ಕುಸುಬಿ ಎಣ್ಣಿ ಅಂಟು ಆಗೂ ತನಕ ಕುದಿಸಿ ಹಚ್ಚತಿದ್ದ. ನೀರಾಗ ವರ್ಷಗಟ್ಲೆ ಇದ್ರೂ ಬಿಡತಿದ್ದಿಲ್ಲ. ದಪ್ಪ ಬಟ್ಟಿ ಅದರಾಗ ತೋಯಿಸಿ ಅಂಚಿಗೆ ಕೂಡಿಸಿದ್ರ?”

ಲಕ್ಕಪ್ಪ ಕೈಯಲ್ಲಿದ್ದ ತುತ್ತು ತಿಂದು ಮುಗಿಸಿದ. “ಬಟ್ಟಿ ಭಾಳ ದಪ್ಪ ಇರಬೇಕು. ಹಂತಾದ್ದು ಮನ್ಯಾಗ ಎಲ್ಲೈತಿ?”

ಅತ್ತೆ ಗೋಣಿ ತಂದರು. ಜಾಳಾಯಿತು. ಜಮಖಾನೆ ತಂದರು. ಗಂಟುಗಂಟು. ನಾನು ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಮೋಟಾರು ನಡೆಸುವಾಗ ನನ್ನ ಯಜಮಾನರು ಹಾಕುತ್ತಿದ್ದ ಖಾಕಿ ಕೋಟು ಅಲ್ಲಿತ್ತು.

ಅದನ್ನು ನೋಡಿ ಲಕ್ಕಪ್ಪ, “ಬ್ಯಾಡ ವೈನಿ,” ಎಂದ.

“ದಪ್ಪ ಐತಿ,” ಎಂದೆ.

ಅತ್ತೆ ನನ್ನ ಮುಖ ನೋಡಿದರು. ಕೋಟನ್ನು ತೆಗೆದುಕೊಂಡು ಮೊಣಕಾಲ ಮೇಲೆ ಹಾಸಿ, ಅಂಗೈಯಿಂದ ಮಡಿಕೆ ಸವರಿದರು. “ಕತ್ತರಿ ತಾ ಮಗಳ,” ಎಂದರು. ಬೆನ್ನಿನ ಭಾಗವನ್ನು ಪರಾತದ ಅಂಚಿನ ಅಳತೆಗೆ ಅವರೇ ಕತ್ತರಿಸಿದರು. ತೂತುಗಳನ್ನು ಕೆಂಡದಲ್ಲಿ ಕಾಯಿಸಿದ ಮೊಳೆಯಿಂದ ನಾನು ಮಾಡಿದೆ. ಉಳಿದ ತೋಳುಗಳನ್ನು ಮಡಚಿ, ಗುಂಡಿಗಳ ಜೊತೆ ಅತ್ತೆ ನನ್ನ ಕೈಗೆ ಕೊಟ್ಟರು.

ಮಾವ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಕುಸುಬಿ ಎಣ್ಣೆ ಕುದಿಸಿದರು. ಹೊಗೆಗೆ ಕಣ್ಣು ಕೆಂಪಾದರೂ ಏಳಲಿಲ್ಲ. ಕಡ್ಡಿಗೆ ಅದ್ದಿ ಬೆರಳಲ್ಲಿ ಎಳೆದು ನೋಡುವುದು, ಮತ್ತೆ ಕಟ್ಟಿಗೆ ಒಟ್ಟುವುದು. ಎಳೆ ಹರಿಯದೆ ಬಂದಾಗ ಇಳಿಸಿದರು. ಅವರ ಕೈಯ ಆ ಹದವನ್ನು ನಾನು ಮೊದಲು ಅಷ್ಟಾಗಿ ಗಮನಿಸಿರಲಿಲ್ಲ.

ಪರಾತ ಕೂಡಿಸಿದರು. ಲಕ್ಕಪ್ಪ ಬೋಲ್ಟು ತಿರುಗಿಸುವ ಪಾನಾ ಹಿಡಿದು ತಗ್ಗಿಗಿಳಿದ. ಬೋಲ್ಟು ಮುಟ್ಟಿದಲ್ಲಿ ನಿಲ್ಲಿಸಿ, ಎದುರಿನದಕ್ಕೆ ಹೋಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಮೇಲೆ ನಿಂತ ಮಾವ ಬಾಯಿ ತೆರೆದರು.

“ಇನ್ನೊಂದೀಟು...”

ಅತ್ತೆ ಅವರ ಕಡೆಗೆ ತಿರುಗಿದರು.

“ಏನಿಲ್ಲ, ಏನಿಲ್ಲ,” ಎಂದರು ಮಾವ.

ಅಂಟು ಒಣಗಲು ಬಿಟ್ಟರು. ಬನ್ನಿ ಹಬ್ಬಕ್ಕೆ ಮುಂಚೆ ಮಾವ ಹೊಸ ಪಟಗ ಸುತ್ತಿಕೊಂಡು ತಾವೇ ಗೋಕಾಕಕ್ಕೆ ಹೋದರು. ಸಂಜೆ ಹೆಗಲ ಮೇಲೆ ಮೋಟಾರಿನ ಎಣ್ಣೆಯ ಡಬ್ಬಿ ಹೊತ್ತು, ಅದನ್ನು ಟವೆಲಿನಿಂದ ಮುಚ್ಚದೆ, ಪೇಟೆಯ ನಡುವೆಯೇ ನಡೆದು ಬಂದರು.

“ಗಾಣಿಗ ಎಣ್ಣಿ ಕೊಂಡು ತಂದಾನ ನೋಡ್ರಿ,” ಎಂದು ಕಟ್ಟೆಯ ಮೇಲಿದ್ದವರು ಯಾರೋ ನಕ್ಕರಂತೆ.

“ತಂದೇನಿ. ಮಗ ತಾ ಅಂದ, ತಂದೇನಿ,” ಎಂದರಂತೆ ಮಾವ.

ಹ್ಯಾಂಡಲ್ ತಿರುಗಿತು. ಇಂಜಿನ್ ಕೆಮ್ಮಿ, ನಿಂತು, ಮತ್ತೆ ಹತ್ತಿತು. ಲಕ್ಕಪ್ಪ ಗಟ್ಟಿಯಾಗಿ ಹಾರ್ನು ಒತ್ತಿದ. ಆಯಿ ಗಾಳಿ ಮೂಸಿ, “ಇವತ್ತ ಭಜಿ ಇಲ್ಲ,” ಎಂದರು. ಅತ್ತೆ ಗಾಣದ ಕಂಬದಿಂದ ಒರೆಸುವ ಬಟ್ಟೆ ಇಳಿಸಿ, ಸೌಳಿನಲ್ಲಿ ಒಗೆದು ಒಣಗಿಸಿ, ಮೋಟಾರಿನ ಕೆಳಗೆ ಹಾಸಿದರು. ಬನ್ನಿ ಮುಡಿದು ಬಂದು ಎಲೆ ಕೊಟ್ಟು ನಮಸ್ಕರಿಸುವಾಗಲೂ ಎಲ್ಲರ ಕಣ್ಣು ಆ ಬಟ್ಟೆಯ ಮೇಲೆ. ಮರುದಿನ ಬೆಳಗಿಗೆ ಬಟ್ಟೆ ಹಾಸಿದ ಹಾಗೇ ಇತ್ತು.

ಉದ್ದಪ್ಪ ಮಧ್ಯಾಹ್ನಕ್ಕೆ ಬಂದ. ದಪ್ಪ ಮನುಷ್ಯ, ಧಾರಾಳ ನಗು. ಊರೊಳಗೆ ಒಂದು ಬಂಡಿ ಗೊತ್ತು ಮಾಡಿ ಬಂದಿದ್ದ.

“ಬಿಚ್ಚಿ ಇಟ್ಟೀರೇನ್ರಿ ಸಾವ್ಕಾರ್ರ ನನ್ನ ಇಂಜಿನ್?”

ಮಾವ ಲಕ್ಕಪ್ಪನನ್ನು ನೋಡಿದರು. ಲಕ್ಕಪ್ಪ ನೆಲವನ್ನು ನೋಡಿದ. ಆಗ ಅತ್ತೆ ಒಳಗಿನಿಂದ ಇಳಕಲ್ ಸೀರೆಯುಟ್ಟು ಬಂದರು. ಕೆಳಗಿನ ಬಟ್ಟೆಯನ್ನು ತೆಗೆದು, ಎರಡೂ ಬದಿ ಉದ್ದಪ್ಪನಿಗೆ ತೋರಿಸಿ, ಮಡಚಿ ಸೊಂಟಕ್ಕೆ ಸಿಗಿಸಿದರು. ಮೋಟಾರಿನ ಹಿಂದಿನ ಬಾಗಿಲು ತೆರೆದು ಹತ್ತಿ ಕುಳಿತರು.

“ಉದ್ದಪ್ಪಾ, ಬಂಡಿ ಬ್ಯಾಡಂತ ಹೇಳಿ ಕಳಸು. ಹತ್ತರಗಿಗೆ ನಾವ ಬಿಟ್ಟು ಬರ್ತೇವಿ.”

“ಅಲ್ಲಬೇ ಶಿವಗಂಗಕ್ಕ, ನಾ ಇದನ್ನ ಒಯ್ಯಾಕ ಬಂದೇನಿ.”

“ಹೂಂ. ಇದು ನಿನ್ನ ಒಯ್ಯಾಕ ಬಂದೈತಿ. ಹತ್ತು.”

ಮಾವ ಮೊದಲು ನಕ್ಕರು. ಆಮೇಲೆ ಉದ್ದಪ್ಪನೂ. ಅತ್ತೆ ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಉದ್ದಪ್ಪ ಮುಂದೆ ಲಕ್ಕಪ್ಪನ ಬದಿಗೆ ಕುಳಿತ. ಗೋಕಾಕ ದಾಟಿದೆವು, ಹುಕ್ಕೇರಿ ದಾಟಿದೆವು. ದಾರಿಯುದ್ದಕ್ಕೂ ಅತ್ತೆ ಎದುರಿನ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಹೊರಗೆ ಕಬ್ಬಿನ ಹೊಲ, ಶೇಂಗಾ ಕೀಳುವ ಮಂದಿ. ಅವರು ಒಂದನ್ನೂ ನೋಡಲಿಲ್ಲ. ಕಿವಿ ಇಂಜಿನ್ನಿನ ಮೇಲಿತ್ತು.

ಹತ್ತರಗಿಯಲ್ಲಿ ಉದ್ದಪ್ಪನ ಮನೆಯ ಮುಂದೆ ನಿಲ್ಲುತ್ತಲೇ ಅತ್ತೆ ಇಳಿದು ಸೊಂಟದ ಬಟ್ಟೆಯನ್ನು ಮೋಟಾರಿನ ಕೆಳಗೆ ಹಾಸಿದರು. ಉದ್ದಪ್ಪನ ಹೆಂಡತಿ ಒಳಗೆ ಕರೆದರು. ಅತ್ತೆ ಕಟ್ಟೆಯ ಮೇಲೆಯೇ ಚಹಾ ತರಿಸಿಕೊಂಡು ಕುಡಿದರು. ಬಟ್ಟಲು ಕೆಳಗಿಟ್ಟು ಬಂದು ಬಗ್ಗಿದರು. ಲಕ್ಕಪ್ಪ ಬಾಗಿಲು ಹಿಡಿದು ನಿಂತಿದ್ದ.

ಬಟ್ಟೆಯ ಮುಂದಿನ ತುದಿಯಲ್ಲಿ ಒಂದು ಒದ್ದೆ ಚುಕ್ಕೆ.

ಲಕ್ಕಪ್ಪನ ಮುಖ ಇಳಿಯಿತು. ಅತ್ತೆ ಬಟ್ಟೆ ಎಳೆದುಕೊಂಡು ಆ ಚುಕ್ಕೆಗೆ ಬೆರಳು ಒತ್ತಿದರು. ಹೆಬ್ಬೆರಳಿಗೆ ತಿಕ್ಕಿದರು. ಮೂಸಿ ನೋಡಿದರು. ಗಾಣದಲ್ಲಿ ಅವರು ಎಣ್ಣೆ ನೋಡುವುದು ಹೀಗೆಯೇ. ಕೊನೆಗೆ ಬೆರಳನ್ನು ಗಾಳಿಗೆ ಹಿಡಿದರು. ಅದು ಒಣಗಿತು.

“ನೀರು,” ಎಂದರು. “ಕಾಯ್ದ ಗಾಡಿ. ಬೆವತೈತಿ.”

ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಹಿಂದಿನ ಬಾಗಿಲ ತನಕ ಹೋದವರು ನಿಂತರು. ತಿರುಗಿ ಬಂದು ಮುಂದಿನ ಬಾಗಿಲು ತೆರೆದು ಹತ್ತಿ, ಸೆರಗು ಸರಿಮಾಡಿಕೊಂಡು ಕುಳಿತರು.

“ನಡಿ ಲಕ್ಕಪ್ಪಾ,” ಎಂದರು. “ಗೋಕಾಕದಾಗ ಒಂದೀಟು ಸಾವಕಾಶ ಹೊಡಿ. ನಾ ನೋಡಬೇಕು.”